ಬಾಯಿಗೆ ಬಾದುಷಾ, ಮುಂದೆ ಬಾಂಡ್ ಪೇಪರು

ನಮ್ಮ ಸಾವ್ಕಾರ್ರು ಯಾರಿಗೂ ಸಿಹಿಯನ್ನು ಕೈಗೆ ಕೊಟ್ಟವರಲ್ಲ. ನೇರ ಬಾಯಿಗೇ ಇಡುತ್ತಿದ್ದರು. ಉಂಗುರ ತೊಟ್ಟ ದಪ್ಪ ಬೆರಳುಗಳಲ್ಲಿ ಬಾದುಷಾ ಹಿಡಿದು, "ಆ ಅನ್ನಮ್ಮ, ಆ ಅನ್ನು," ಅಂತ ಎಳೆಮಗುವಿಗೆ ತಿನ್ನಿಸುವ ಹಾಗೆ ಹತ್ತಿರ ಬರುತ್ತಿದ್ದರು. ನಶ್ಯದ ವಾಸನೆ, ತುಪ್ಪದ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಹೊಡೆಯುತ್ತಿದ್ದವು.

ಹಿಂದೂಪುರದ ಪೇಟೆಯಲ್ಲಿ ಅವರದು ರೇಷ್ಮೆ ಸೀರೆ ಅಂಗಡಿ, ಹಿಂದುಗಡೆಯೇ ಮಗ್ಗದ ಶೆಡ್ಡು. ನಾನು ಕೌಂಟರಿಗೆ ಸೇರಿದ ದಿನವೂ ಈ ಬಾದುಷಾ ಸೇವೆ ಆಯಿತು. ಬಾಯಿ ತುಂಬಿದ ಹೊತ್ತಿಗೆ ಸರಿಯಾಗಿ ಗುಮಾಸ್ತ ಒಂದು ಸ್ಟಾಂಪ್ ಪೇಪರು ತಂದು ಮುಂದಿಟ್ಟ. ಇದೇನು ಅಂತ ಕೇಳೋಣವೆಂದರೆ ನಾಲಿಗೆ ಹೊರಳುತ್ತಿಲ್ಲ. "ಏನಿಲ್ಲ ಕಣಮ್ಮ, ಮಾ ಇಂಟಿ ಬಿಡ್ಡ ನೀನು, ನಮ್ಮನೆ ಮಗಳು. ಮನೆ ಮಗಳು ಸೈನ್ ಹಾಕಾಕೆ ಯೋಚ್ನೆ ಮಾಡ್ತಾಳಾ?" ಅಂದರು. ಅವರ ಮಾತೇ ಹಾಗೆ, ಒಂದು ಸಲ ತೆಲುಗಲ್ಲಿ, ಒಂದು ಸಲ ಕನ್ನಡದಲ್ಲಿ. ಸೈನ್ ಹಾಕಿದೆ. ಆಮೇಲೆ ಓದಿದೆ. ಇಲ್ಲಿ ಕೆಲಸ ಬಿಟ್ಟರೆ ಎರಡು ವರ್ಷ ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಯಾವ ಸೀರೆ ಅಂಗಡಿಯಲ್ಲೂ, ಯಾವ ಮಗ್ಗದಲ್ಲೂ ಕೆಲಸ ಮಾಡಕೂಡದು ಅಂತ ಬರೆದಿತ್ತು. ಸೀರೆ ಬಿಟ್ಟು ನನಗೆ ಇನ್ನೇನು ಬರುತ್ತೆ? ನಮ್ಮದು ನೇಯುವವರ ಮನೆ.

ಮನುಷ್ಯ ಗಂಟುಮುಖದವರಲ್ಲ, ಅದನ್ನೂ ಹೇಳಬೇಕು. ಪರಿಗಿ ಕಡೆಯಿಂದ ಮದುವೆ ಜವಳಿಗೆ ಬಂದ ಹೆಂಗಸರು ಸೀರೆ ನೋಡಿ ನೋಡಿ ಮನಸ್ಸು ಮಾಡದೆ ಕೂತರೆ, ಸಾವ್ಕಾರ್ರು ತಾವೇ ಎದ್ದು, ಆ ಹೊಟ್ಟೆ, ಆ ಮೀಸೆ ಸಮೇತ ಸೆರಗು ಹೊದ್ದು ಅಂಗಡಿ ತುಂಬ ಬಳುಕಿಕೊಂಡು ಓಡಾಡುತ್ತಿದ್ದರು. "ನನಗೇ ಇಷ್ಟು ಒಪ್ಪುತ್ತಲ್ಲ, ಮದುವಣಗಿತ್ತಿಗೆ ಇನ್ನೆಷ್ಟು ಒಪ್ಪಬೇಡ!" ಹೆಂಗಸರು ಬಿದ್ದು ಬಿದ್ದು ನಕ್ಕು ಕೊಂಡುಕೊಂಡು ಹೋಗುತ್ತಿದ್ದರು. ನಮ್ಮಮ್ಮ ಆಸ್ಪತ್ರೆಯಲ್ಲಿದ್ದಾಗ ಮಂಚದ ಪಕ್ಕ ಕೂತು ಮೋಸಂಬಿ ಸುಲಿದು ತೊಳೆ ತೊಳೆ ಬಿಡಿಸಿ ತಿನ್ನಿಸಿದರು. ಅದೇನೂ ನಾಟಕವಲ್ಲ, ಅವರ ಕಣ್ಣಲ್ಲಿ ನೀರು ನೋಡಿದ್ದೇನೆ. ಪೂರ್ತಿ ಕೆಟ್ಟವರಾಗಿದ್ದರೆ ಬೈದು ಮರೆತುಬಿಡುತ್ತಿದ್ದೆ. ಇವರನ್ನು ಹಾಗೆ ಮರೆಯೋಕೂ ಆಗದಲ್ಲ, ಅದೇ ನನಗೆ ಇನ್ನಷ್ಟು ಹೇಸಿಗೆ.

ನಮ್ಮ ಶೆಡ್ಡಿನಲ್ಲಿ ಗಂಗಾಧರ ಅಂತ ಡಿಸೈನ್ ಮಾಸ್ಟರ್ ಇದ್ದ. ನನ್ನನ್ನು ಅಕ್ಕ ಅನ್ನುತ್ತಿದ್ದ. ಅವನೂ ಅದೇ ಬಾಂಡಿಗೆ ಸೈನ್ ಹಾಕಿದವನೇ. ಸೆರಗಿನ ಮೇಲೆ ಏನು ಬರಬೇಕು, ಅಂಚಿಗೆ ಏನು ಕೂರಬೇಕು, ಎಲ್ಲ ಅವನೇ. ಅವನಪ್ಪ ಬದುಕಿಡೀ ಬೇರೆಯವರ ಮಗ್ಗದಲ್ಲಿ ಕೂತು ನೇಯ್ದು ಹೋದವರು. ಕಲ್ಯಾಣದುರ್ಗದ ಒಬ್ಬ ಮಗ್ಗದ ಮಾಲೀಕ ಅವನನ್ನು ಕರೆದ. "ಮಗ್ಗ ನನ್ದು, ಡಿಸೈನ್ ನಿನ್ದು, ಪಾಲು ಇಬ್ರಿಗೂ." ಆವತ್ತು ಗಂಗಾಧರನ ಮುಖ ನೋಡಬೇಕಿತ್ತು. "ಅಕ್ಕ, ನಮ್ಮಪ್ಪ ಇರಬೇಕಿತ್ತು ಕಣಕ್ಕ," ಅಂದ. ಸಾವ್ಕಾರ್ರಿಗೆ ಹೇಳಿ, ಕಾಲಿಗೆ ನಮಸ್ಕಾರ ಮಾಡಿ ಹೊರಟ. ಅವರು ತಲೆ ನೇವರಿಸಿದರು, ಬಾಯಿಗೆ ಬಾದುಷಾ ಇಟ್ಟರು, ಚೆನ್ನಾಗಿರಪ್ಪ ಅಂದರು.

ಅದೇ ವಾರ ಕೇಸು ಹಾಕಿದರು! ಗಂಗಾಧರನ ಮೇಲೆ ಮಾತ್ರವಲ್ಲ, ಆ ಕಲ್ಯಾಣದುರ್ಗದ ಮಾಲೀಕನನ್ನೂ ಜೊತೆಗೆ ಸೇರಿಸಿದರು. ಕರಾರು ಮುರಿಸಿದ, ಡಿಸೈನ್ ಕದ್ದ, ವ್ಯಾಪಾರ ಕೆಡಿಸಿದ ಅಂತ ಏನೇನೋ. ಪಾಪ, ಆ ಮಾಲೀಕ ಕೋರ್ಟು ಮೆಟ್ಟಿಲು ಕಂಡವನಲ್ಲ. "ಕೇಸು ಮುಗಿಸ್ಕೊಂಡು ಬಾರಪ್ಪ, ಆಮೇಲೆ ನೋಡಾಣ," ಅಂದುಬಿಟ್ಟ. ಮಿಕ್ಕ ಮಗ್ಗದವರೂ ಅದನ್ನೇ ಹೇಳಿದರು.

ಮುಗಿಯಬೇಕಲ್ಲ! ಪ್ರತಿ ಸಲ ವಾಯಿದೆ ಕೇಳುತ್ತಿದ್ದದ್ದು ನಮ್ಮ ಸಾವ್ಕಾರ್ರ ಕಡೆಯವರೇ. ಒಮ್ಮೆ ವಕೀಲರಿಗೆ ಜ್ವರ, ಒಮ್ಮೆ ಸಾಕ್ಷಿ ಊರಲ್ಲಿಲ್ಲ, ಒಮ್ಮೆ ವಕೀಲರನ್ನೇ ಬದಲಾಯಿಸಿದ್ದೇವೆ ಅಂತ. ಗಂಗಾಧರ ಹುಣಸೆಹಣ್ಣಿನ ಮಂಡಿಯಲ್ಲಿ ಮೂಟೆ ಹೊರಲು ಸೇರಿಕೊಂಡ. ದಾರಿಯಲ್ಲಿ ಸಿಕ್ಕಾಗ ಕೈ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ. ಒಂದು ದಿನ ನಾನೇ ಹಿಡಿದು ನೋಡಿದೆ. ಉಗುರೆಲ್ಲ ಕಪ್ಪು, ಬೆರಳೆಲ್ಲ ಬಿರಿದಿವೆ. "ಈ ಕೈಲಿ ಈಗ ರೇಷ್ಮೆ ಮುಟ್ಟಿದ್ರೆ ಎಳೆ ಸಿಕ್ಕಾಕ್ಕೊಳ್ತದೆ ಕಣಕ್ಕ," ಅಂದ. ಅಂಗಡಿಗೆ ಬಂದರೆ ಇತ್ತ ಸಾವ್ಕಾರ್ರು, "ಪಾಪ, ನಮ್ಮ ಗಂಗ ಮೂಟೆ ಹೊರ್ತಾವನಂತೆ," ಅಂತ ಲೊಚಗುಟ್ಟುತ್ತಿದ್ದರು. ಥೂ!

ಕೊನೆಗೆ ತೀರ್ಪಾಯಿತು. ಕೆಲಸ ಬಿಟ್ಟು ಹೋದವನನ್ನು ಅವನ ಕಸುಬು ಮಾಡದಂತೆ ಕಟ್ಟಿಹಾಕುವ ಕರಾರು ಕಾನೂನಿನ ಮುಂದೆ ನಿಲ್ಲುವುದಿಲ್ಲ, ಕದ್ದದ್ದಕ್ಕೆ ಪುರಾವೆಯೂ ಇಲ್ಲ ಅಂತ ಕೇಸು ವಜಾ. ಗಂಗಾಧರ ಗೆದ್ದ. ಆದರೆ ಬಾಂಡಿನಲ್ಲಿದ್ದ ಎರಡು ವರ್ಷ ಅಷ್ಟರಲ್ಲಿ ಕಳೆದೇ ಹೋಗಿತ್ತು. ಕಲ್ಯಾಣದುರ್ಗದವನು ಕಾದು ಕಾದು ಬೇರೊಬ್ಬನನ್ನು ಪಾಲಿಗೆ ಸೇರಿಸಿಕೊಂಡಿದ್ದ.

ಕೋರ್ಟಿನ ಹೊರಗೆ ಸಾವ್ಕಾರ್ರು ಏನು ಮಾಡಿದರು ಗೊತ್ತೇ? ಸೋತವರು, ಚೀಲದಿಂದ ಸ್ವೀಟ್ ಡಬ್ಬ ತೆಗೆದರು. "ನಮ್ಮನೆ ಮಗ ಗೆದ್ದುಬುಟ್ಟ ಕಣ್ರಪ್ಪ!" ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗಿ, ಗಂಗಾಧರನ ಬಾಯಿಗೆ ಬಾದುಷಾ ತುರುಕಿದರು. ಅವನು ಅಗಿದ. ಉಗುಳೋ, ಅವರ ಮುಖಕ್ಕೆ ಉಗುಳೋ ಅಂತ ನನ್ನ ಜೀವ ಬಡಿದುಕೊಳ್ಳುತ್ತಿತ್ತು. ಅವನು ನುಂಗಿದ.

ಸೋಮವಾರ ಅಂಗಡಿಗೇ ಬಂದ. ಬೇರೆ ದಾರಿ ಏನಿತ್ತು ಅವನಿಗೆ? ಮತ್ತೆ ಬಾದುಷಾ, ಮತ್ತೆ ಅದೇ ಸ್ಟಾಂಪ್ ಪೇಪರು. ಸೈನ್ ಹಾಕಿ, ತಲೆ ಎತ್ತದೆ ಶೆಡ್ಡಿನ ಕಡೆ ನಡೆದ.

ನನಗೆ ತಡೆಯಲಾಗಲಿಲ್ಲ. "ಸೋತ ಪೇಪರ್ನೇ ತಿರುಗಾ ಬರೆಸ್ಕೊಂಡ್ರಲ್ಲ ಸಾವ್ಕಾರ್ರೆ?" ಅಂದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಮೆತ್ತಗೆ ನಕ್ಕರು. "ಸೋಲ್ತೀನಿ ಅಂತ ಲಾಯರ್ರು ಮೊದಲ್ನೇ ದಿನವೇ ಹೇಳಿದ್ರು ಕಣಮ್ಮ. ಗೆಲ್ಲಾಕೆ ಯಾರು ಹಾಕಿದ್ರು ಕೇಸು? ನೀವೆಲ್ಲ ನೋಡ್ಲಿ ಅಂತ ಹಾಕಿದ್ದು." ಆಮೇಲೆ ಡಬ್ಬಕ್ಕೆ ಕೈ ಹಾಕಿ, "ಯಾಕಮ್ಮ ಮುಖ ಸಣ್ಣದು ಮಾಡ್ತೀಯ, ನೀನೂ ನಮ್ಮನೆ ಮಗಳಲ್ವಾ? ಆ ಅನ್ನು," ಅಂತ ಬಾದುಷಾ ಹಿಡಿದು ಬಂದರು. ಪಾಕ ಅವರ ಮಣಿಕಟ್ಟಿಗೆ ಇಳಿಯುತ್ತಿತ್ತು.

ನಾನು ಬಾಯಿ ತೆಗೆದೆ, ತಿನ್ನುವುದಕ್ಕಲ್ಲ.

"ನಾಳೆಯಿಂದ ಎದುರಿನ ಸೀರೆ ಅಂಗಡಿಗೆ ಹೋಯ್ತೀನಿ. ಕೋರ್ಟಿಂದ ಬಂದ ದಿನವೇ ಆ ಅಂಗಡಿ ಯಜಮಾನಮ್ಮನಿಗೆ ಎಲ್ಲಾ ಹೇಳಿದ್ದೀನಿ, ಆಯಮ್ಮ ಹೆದರಾಕಿಲ್ಲ. ನೋಟೀಸು ಅಲ್ಲಿಗೇ ಕಳ್ಸಿ ಸಾವ್ಕಾರ್ರೆ."

ಅವರ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಅವರನ್ನು ಹತ್ತಿರದಿಂದ ನೋಡಿದ್ದು ಅದೇ ಕೊನೆ. ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹಿಂದಕ್ಕೆ ತಿರುಗಿ ನೋಡಿದೆ. ಶೆಡ್ಡಿನ ಬಾಗಿಲಲ್ಲಿ ಗಂಗಾಧರ ನಿಂತಿದ್ದ. ನನಗೆ ಏನೋ ಹೇಳಬೇಕು ಅಂತಿದ್ದ ಹಾಗೆ ಕಂಡಿತು. ಅವನ ಕೆನ್ನೆ ಇನ್ನೂ ಉಬ್ಬಿಕೊಂಡೇ ಇತ್ತು.