ಸೀಮೆಸುಣ್ಣದ ದೋಣಿ

ನನಗೆ ಮರ ಕೊಡುವ ಯಜಮಾನರಷ್ಟು ಸಿಟ್ಟು ತರಿಸುವ ಇನ್ನೊಬ್ಬರನ್ನು ನಾನು ಈ ಮೂರು ತಾಲ್ಲೂಕಿನಲ್ಲಿ ಕಂಡಿಲ್ಲ. ಹದಿನೈದು ವರ್ಷದಿಂದ ಸಿಟ್ಟು ತರಿಸುತ್ತಲೇ ಇದ್ದಾರೆ. ನಾನೂ ಹದಿನೈದು ವರ್ಷದಿಂದ ಅವರಲ್ಲಿಗೇ ಹೋಗುತ್ತಿದ್ದೇನೆ.

ಸಾಗರದ ಹೊರಗೆ ಒಂದು ತಗಡಿನ ಶೆಡ್ಡಿನಲ್ಲಿ ನಾನು ದೋಣಿ ಕಟ್ಟುತ್ತೇನೆ. ಸಮುದ್ರ ಇಲ್ಲದ ಊರಲ್ಲಿ ದೋಣಿ ಯಾರಿಗಪ್ಪಾ ಎಂದು ಘಟ್ಟದ ಕೆಳಗಿನ ನೆಂಟರು ನಗುತ್ತಾರೆ. ಲಿಂಗನಮಕ್ಕಿಯ ಹಿನ್ನೀರು ಎಷ್ಟು ಊರುಗಳ ನಡುವೆ ಕೈಕಾಲು ಚಾಚಿ ಮಲಗಿದೆ ಎಂಬುದು ಅವರಿಗೇನು ಗೊತ್ತು? ಆಚೆ ದಡದವರಿಗೆ ಪೇಟೆಗೆ ಬರಲು, ಬ್ಯಾಂಕಿಗೆ ಬರಲು, ಮದುವೆಗೆ ಹೋಗಲು, ಎಲ್ಲದಕ್ಕೂ ದೋಣಿಯೇ ಬೇಕು.

ಮೊದಲೆಲ್ಲ ಯಾವ ಸಾಮಿಲ್ಲಿನಲ್ಲಿ ಹಲಗೆ ಬೇಗ ಸಿಗುತ್ತದೋ ಅಲ್ಲಿಗೆ ಓಡುತ್ತಿದ್ದೆ. ಒಮ್ಮೆ ತೀರ್ಥಹಳ್ಳಿ, ಒಮ್ಮೆ ಇಲ್ಲೇ ಸಾಗರ. ಹಾಗೆ ಅಲೆಯುತ್ತ ಒಂದು ದಿನ ಹೊಸನಗರದ ಈ ಯಜಮಾನರ ಮಿಲ್ಲಿಗೆ ಹೋಗಿ ಹೆಬ್ಬಲಸಿನ ಹಲಗೆ ಬೇಕು ಎಂದೆ. ಯಾರಿಗೆ ದೋಣಿ, ಎಷ್ಟು ಜನ ಕೂರುತ್ತಾರೆ, ಯಾವ ದಡದಿಂದ ಯಾವ ದಡಕ್ಕೆ ಎಂದು ವಿಚಾರಿಸತೊಡಗಿದರು. ನೀವು ಮರ ಮಾರುತ್ತೀರೋ ಜನಗಣತಿ ಮಾಡುತ್ತೀರೋ ಎಂದು ಕೇಳಿಯೇಬಿಟ್ಟೆ. ಅವರು ಕನ್ನಡಕ ಒರೆಸಿಕೊಂಡು, ಒಣಗಿದ ಹಲಗೆ ಇಲ್ಲ, ಮುಂದಿನ ವರ್ಷ ಬಾ ಎಂದರು.

ಅವರ ಪದ್ಧತಿಯೇ ಹಾಗೆ. ಮರವನ್ನು ಕೃಷ್ಣಪಕ್ಷದಲ್ಲೇ, ಅದೂ ಅಮಾವಾಸ್ಯೆ ಹತ್ತಿರ ಬಂದ ಮೇಲೆಯೇ ಕಡಿಸಬೇಕು. ಬೆಳದಿಂಗಳಿದ್ದಾಗ ಕಡಿದ ಮರಕ್ಕೆ ಕುಟ್ಟೆಹುಳು ಹಿಡಿಯುತ್ತದೆ ಎಂಬುದು ಅವರ ಅಜ್ಜನ ಕಾಲದ ಮಾತು. ಕೊಯ್ದ ಹಲಗೆಗಳನ್ನು ನೆರಳಿನಲ್ಲಿ ಅಟ್ಟಿ ಹಾಕಿ, ನಡುವೆ ಗಾಳಿ ಆಡಲು ತುಂಡುಪಟ್ಟಿ ಇಟ್ಟು, ಒಂದು ಮಳೆಗಾಲ ಒಂದು ಬೇಸಿಗೆ ಪೂರ್ತಿ ಕಳೆಯಬೇಕು. ಆಮೇಲೆ ಅವರು ಇನ್ನೊಂದು ಷರತ್ತು ಹಾಕಿದರು. ಯಾವ ದೋಣಿ ಕಟ್ಟುತ್ತೇನೆಂದು ನಾನು ವರ್ಷ ಮೊದಲೇ ಹೇಳಬೇಕು, ಬೇರೆ ಮಿಲ್ಲಿನ ಮೆಟ್ಟಿಲು ಹತ್ತಬಾರದು. ಅವರೂ ನನಗೆ ಇಟ್ಟ ಹಲಗೆಯನ್ನು ಬೇರೆ ಯಾರಿಗೂ ಕೊಡುವುದಿಲ್ಲ. ಇದೇನು ಮದುವೆ ಮಾತುಕತೆಯೇ ಎಂದು ನಾನು ಗೇಲಿ ಮಾಡಿದೆ.

“ಮದ್ವೆ ಆದ್ರೆ ಜಗಳ ಆಡ್ಕಂಡಾದ್ರೂ ಇರ್ಬೋದು ಮಾರಾಯ,” ಎಂದರು ಅವರು, ನಗದೆ. “ದೋಣಿ ಹಂಗಲ್ಲ.”

ಒಪ್ಪಿದೆ. ನನ್ನ ಅಟ್ಟಿಯ ಮೇಲೆ ಅವರು ಸೀಮೆಸುಣ್ಣದಲ್ಲಿ ಒಂದು ಪುಟ್ಟ ದೋಣಿ ಬರೆದರು. ಬಾಳೆಕಾಯಿಯಂತಿತ್ತು ಅದು. ಆದರೆ ಆ ಗುರುತಿನ ಹಲಗೆಗೆ ಯಾರೂ ಕೈ ಹಾಕುತ್ತಿರಲಿಲ್ಲ. ಮುಂದೆ ಒಮ್ಮೆ ಶೆಡ್ಡಿಗೆ ಬಂದವರು, ನಾನು ನೆಟ್ಟನೆಯ ಮರವನ್ನು ಕೆತ್ತಿ ಕೆತ್ತಿ ದೋಣಿಯ ಪಕ್ಕೆಲುಬು ಮಾಡುವುದನ್ನು ನೋಡಿಕೊಂಡು ಹೋದರು. ಆ ವರ್ಷದಿಂದ ಮಿಲ್ಲಿನಲ್ಲಿ ಸೌದೆಗೆ ಹೋಗುತ್ತಿದ್ದ ಬಾಗಿದ ಕೊಂಬೆಗಳೆಲ್ಲ ನನಗಾಗಿ ಒಂದು ಮೂಲೆ ಸೇರಿದವು. ಹುಟ್ಟುವಾಗಲೇ ಬಾಗಿದ ಮರ ಪಕ್ಕೆಲುಬಿಗೆ ಎಷ್ಟು ಗಟ್ಟಿ ಎಂದು ನನಗೆ ಆಗ ತಿಳಿಯಿತು. ವಾರದ ಕೆಲಸ ಎರಡು ದಿನಕ್ಕೆ ಇಳಿಯಿತು. ಅವರಿಗೆ ಅದನ್ನು ಹೇಳಲಿಲ್ಲ. ಹೇಳಿದರೆ ಇನ್ನೊಂದು ಷರತ್ತು ಹಾಕಿಯಾರು ಎಂಬ ಹೆದರಿಕೆ.

ಹೋದ ಬೇಸಿಗೆಯಲ್ಲಿ ಆಚೆ ದಡದ ಅಕ್ಕ ಒಬ್ಬರು ಶೆಡ್ಡಿಗೆ ಬಂದರು. ಏಳು ಮನೆಯ ಹಾಲನ್ನು ದಿನಾ ಬೆಳಿಗ್ಗೆ ಒಟ್ಟು ಮಾಡಿ, ದೋಣಿಯಲ್ಲಿ ಈಚೆಗೆ ತಂದು ಸೊಸೈಟಿಗೆ ಹಾಕುವವರು ಅವರು. ಅವರ ಹಳೆಯ ದೋಣಿಯ ತಳವೇ ಕೊಳೆತುಹೋಗಿತ್ತು. ಬೇಸಿಗೆಯಲ್ಲಿ ನೀರು ಇಳಿದಿರುತ್ತದೆ, ಹೇಗೋ ಕೆಸರು ತುಳಿದುಕೊಂಡು ಬರುತ್ತೇನೆ, ಮಳೆ ಹಿಡಿದು ಹಿನ್ನೀರು ಏರಿತೆಂದರೆ ಏಳೂ ಮನೆಯವರು ದನ ಮಾರಬೇಕಾಗುತ್ತದೆ ಎಂದರು. ಮಳೆಗೆ ಎರಡು ತಿಂಗಳೂ ಇರಲಿಲ್ಲ. ಆ ವರ್ಷದ ನನ್ನ ಅಟ್ಟಿ ಹೋಂಸ್ಟೇ ಒಂದರ ದೋಣಿಗೆ ಮುಗಿದುಹೋಗಿತ್ತು. ಆದರೂ ಆಗಲಿ ಎಂದುಬಿಟ್ಟೆ.

ಯಜಮಾನರನ್ನು ಕೇಳಿದರೆ ಮುಂದಿನ ವರ್ಷ ಎನ್ನುತ್ತಾರೆ, ಅದು ಗೊತ್ತಿದ್ದದ್ದೇ. ಹಾಗಾಗಿ ಕೇಳಲೇ ಇಲ್ಲ. ಕದ್ದುಮುಚ್ಚಿ ಬೇರೆ ಮಿಲ್ಲಿಗೆ ಹೋಗಿ ಹಲಗೆ ತಂದೆ. ತಂದವನು ಸುಮ್ಮನಿರಬಾರದೇ? ಆಚೆ ದಡದ ಹಾಲಿನ ಅಕ್ಕನಿಗೆ ಹೊಸ ದೋಣಿಯ ಕೆಲಸ ಶುರು ಎಂದು ಹಲಗೆಗಳ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಅದನ್ನು ಯಾರು ಯಾರು ನೋಡುತ್ತಾರೆ ಎಂದು ಯೋಚಿಸುವ ಬುದ್ಧಿ ದೇವರು ನನಗೆ ಕೊಟ್ಟಿಲ್ಲ.

ಮಾರನೇ ದಿನ ಬೆಳಿಗ್ಗೆ ಹೊಸನಗರದ ಮೊದಲ ಬಸ್ಸಿಗೆ ಯಜಮಾನರು ಬಂದಿಳಿದರು. ನನ್ನ ಮುಖ ನೋಡಲಿಲ್ಲ, ನೇರ ಹಲಗೆಯ ಹತ್ತಿರ ಹೋಗಿ ಉಗುರು ಊರಿ ನೋಡಿದರು, ಬಗ್ಗಿ ಮೂಸಿದರು. ಹಸಿ. ಅದು ನನಗೂ ಗೊತ್ತಿತ್ತು. ಹಸಿ ಹಲಗೆ ಒಣಗುತ್ತ ಕುಗ್ಗುತ್ತದೆ, ಸಂದು ಬಾಯಿ ಬಿಡುತ್ತದೆ. ಎಷ್ಟು ಹತ್ತಿ ತುರುಕಿ ರಾಳ ಬಳಿದರೂ ಒಂದು ದಿನ ನಡುನೀರಿನಲ್ಲಿ ಕೈ ಕೊಡುತ್ತದೆ. ನಾನು ಕೊಟ್ಟ ಚಹಾವನ್ನು ಅವರು ಪೂರ್ತಿ ಕುಡಿದರು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ನಾಚಿಕೆಯಿಂದ ಸತ್ತೇಹೋದೆ.

“ಇದ್ರಲ್ಲಿ ದೋಣಿ ಆಗ್ತದೆ,” ಎಂದರು. “ಆದ್ರೆ ಆ ಹೆಂಗಸನ್ನ ಕೂರಿಸ್ಬೇಡ.”

ಎರಡು ದಿನ ಬಿಟ್ಟು ಅವರ ಗೂಡ್ಸ್ ಗಾಡಿ ಬಂತು. ಅದರ ತುಂಬ ಹೆಬ್ಬಲಸಿನ ಹಲಗೆ, ಬಡಿದರೆ ಠಣ್ ಎನ್ನುವಷ್ಟು ಒಣಗಿದ್ದು. ಮೇಲಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದೋಣಿ ಇರಲಿಲ್ಲ, ಬಾಗಿಲಿನ ಚಿತ್ರವಿತ್ತು. ಅವರು ಕಟ್ಟಿಸುತ್ತಿದ್ದ ಹೊಸ ಮನೆಯ ಬಾಗಿಲುಗಳಿಗೆಂದು ಮೂರು ವರ್ಷದಿಂದ ಒಣಗಿಸಿ ಇಟ್ಟುಕೊಂಡ ಮರ ಅದು. ಫೋನು ಮಾಡಿ ಬೇಡ ಎಂದೆ. ಬಾಗಿಲಲ್ಲಿ ಸಂದು ಬಿಟ್ಟರೆ ಗಾಳಿ ಬರುತ್ತದೆ, ದೋಣಿಯಲ್ಲಿ ಬಿಟ್ಟರೆ ನೀರು ಬರುತ್ತದೆ ಎಂದು ಫೋನಿಟ್ಟರು. ಅದೇ ಗಾಡಿಯಲ್ಲಿ ನನ್ನ ಹಸಿ ಹಲಗೆಗಳು ಅವರ ಮಿಲ್ಲಿಗೆ ಒಣಗಲು ಹೋದವು.

ಮಳೆ ಹಿಡಿದು ಹಿನ್ನೀರು ಏರುವ ಹೊತ್ತಿಗೆ ದೋಣಿ ಮುಗಿಯಿತು. ಎರಡು ದಿನ ನೀರಿನಲ್ಲಿ ನಿಲ್ಲಿಸಿ, ಮೂರನೇ ಬೆಳಿಗ್ಗೆ ಖಾಲಿ ಕ್ಯಾನುಗಳನ್ನು ಇಟ್ಟುಕೊಂಡು ನಾನೂ, ಇನ್ನೊಬ್ಬರ ದೋಣಿ ಹಿಡಿದು ಈಚೆಗೆ ಬಂದಿದ್ದ ಅಕ್ಕನೂ ಆಚೆಗೆ ಹೊರಟೆವು. ಅಷ್ಟರಲ್ಲಿ ಇಸ್ತ್ರಿ ಮಾಡಿದ ಪಂಚೆ ಉಟ್ಟ ಯಜಮಾನರು ದಡಕ್ಕೆ ಇಳಿದು ಬಂದು, ಕ್ಯಾನುಗಳ ನಡುವೆ ಕುಳಿತರು. ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದಿದ್ದರು. ಈಜು ಬರುತ್ತದೆಯೇ ಎಂದು ಕೇಳಿದೆ. ಇಲ್ಲವಂತೆ. ದೋಣಿ ಹತ್ತಿದ್ದೇ ಜೀವಮಾನದಲ್ಲಿ ಅದು ಮೊದಲ ಸಲವಂತೆ. ಹಾಗಾದರೆ ಇಳಿದು ದಡದಲ್ಲೇ ಇರಿ, ನಾವು ಹೋಗಿ ಬರುತ್ತೇವೆ ಎಂದೆ.

“ಹಲಗೆ ನಂದಲ್ವಾ,” ಎಂದರು. “ಹೆದ್ರಿಕೇಲೂ ನಂಗೊಂದು ಪಾಲಿರ್ಲಿ.”

ದಾರಿಯುದ್ದಕ್ಕೂ ಅವರು ನೀರು ನೋಡಲಿಲ್ಲ, ಆಕಾಶ ನೋಡಲಿಲ್ಲ, ಕಾಲಬುಡದ ಸಂದುಗಳನ್ನೇ ನೋಡುತ್ತಿದ್ದರು. ಒಂದು ಹನಿ ಒಳಗೆ ಬರಲಿಲ್ಲ. ಆಚೆ ದಡದಲ್ಲಿ ಇಳಿದವರೇ, ಇಲ್ಲಿಂದ ವಾಪಸು ಬಸ್ಸು ಎಷ್ಟು ಗಂಟೆಗೆ ಎಂದು ಅಕ್ಕನನ್ನು ಕೇಳಿದರು. ಬಸ್ಸಿದ್ದರೆ ನನಗೆ ದೋಣಿ ಏಕೆ ಬೇಕಿತ್ತು ಎಂದು ಅಕ್ಕ ನಕ್ಕರು. ನಾನೂ ನಕ್ಕೆ, ಸ್ವಲ್ಪ ಹೆಚ್ಚೇ ನಕ್ಕೆ.

ಮರಳುವಾಗ ಕ್ಯಾನುಗಳು ತುಂಬಿದ್ದವು, ದೋಣಿ ನೀರಿನಲ್ಲಿ ಒಂದು ಗೇಣು ಕೆಳಗಿಳಿದಿತ್ತು. ಯಜಮಾನರ ಮುಖ ಬಿಳಿಚಿತು. ಹುಟ್ಟನ್ನು ಅಕ್ಕನಿಗೆ ಬಿಟ್ಟು ನಾನು ಎದುರಿಗೆ ಕುಳಿತು ಕೈ ಚಾಚಿದೆ, ಹಿಡಿದುಕೊಂಡರು. ಈ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿ ಇದೆ ಎಂಬುದು ಹದಿನೈದು ವರ್ಷಕ್ಕೆ ಅವತ್ತು ಗೊತ್ತಾಯಿತು. ದೋಣಿ ಈಚೆ ದಡ ಮುಟ್ಟಿತು, ಸೊಸೈಟಿಯವರು ಬಂದು ಕ್ಯಾನುಗಳನ್ನು ಒಂದೊಂದಾಗಿ ಎತ್ತಿ ವ್ಯಾನಿಗೆ ಏರಿಸಿದರು, ವ್ಯಾನು ಹೊರಟೂ ಹೋಯಿತು. ಯಜಮಾನರು ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ.