ಗೋಡೆ ಕಟ್ಟಿದವರ ಹೆಸರು ಕೇಳಿದ ಸರ್

ನಾಯಕ ಸರ್ ಹಳೇ ಗೋಡೆ ಕಂಡರೆ ಎತ್ತಿನ ಬೆನ್ನು ತಟ್ಟಿದಂಗ ತಟ್ಟುತ್ತಿದ್ದರು. ವಾಸ್ಕೋದ ಬಜಾರದಾಗ ಮಂದಿ ನಿಂತು ನೋಡುತ್ತಿದ್ದರೂ ಅವರಿಗೆ ಖಬರ ಇರುತ್ತಿರಲಿಲ್ಲ. ತಟ್ಟಿ, ಕಲ್ಲಿನ ಸಂದಿಯಾಗ ಬೆರಳಾಡಿಸಿ, ಕೊಡೆ ಕಂಕುಳಾಗ ಇಟ್ಟುಕೊಂಡು ಮೊಬೈಲ್ ತೆಗೆದು ಫೋಟೋ ಹೊಡೆಯೋರು. ವರ್ಷಪೂರ್ತಿ ಕೊಡೆ. ಬಿಸಿಲಿಗೊಂದು, ಮಳಿಗೊಂದು.

ಸಾಲಿಯಲ್ಲಿ ಮಾಸ್ತರಿಕೆ ಮಾಡಿ ರಿಟೈರ್ ಆದವರು. ಮನಿಮಾತು ಕೊಂಕಣಿ. ಗೋವೆಗೆ ದುಡಿಯಾಕ ಬಂದ ನಮ್ಮ ಕಡೆಯ ಕೂಲಿಕಾರರ ಮಕ್ಕಳಿಗೆ ಕಲಿಸಿ ಕಲಿಸಿ ಕನ್ನಡ ಬಂದಿತ್ತು, ಅದೂ ಮಕ್ಕಳ ಕನ್ನಡ. ನನ್ನಂಥ ಮುದುಕಿಗೂ "ಬಾ, ಕುಂದ್ರು" ಅನ್ನೋರು. ನಾವು ನಕ್ಕ ಮ್ಯಾಲೆ ತಿದ್ದಿಕೊಂಡು ಎಲ್ಲದಕ್ಕೂ "ರೀ" ಹಚ್ಚತೊಡಗಿದರು, ಬೀದಿನಾಯಿಗೂ.

ಅವರ ಹುಚ್ಚು ಒಂದೇ. ಕಂಪ್ಯೂಟರಿನಾಗ ವಾಸ್ಕೋದ ನಕ್ಷೆ ಮಾಡಿದ್ದರು. ಯಾವ ಜಾಗ ಒತ್ತಿದರೂ ಅಲ್ಲಿಯ ಹಳೇ ಫೋಟೋ, ಅಲ್ಲಿ ದುಡಿದವರ ಧ್ವನಿ ಬರಬೇಕು. ಯಾವ ಸಾಲಿಯ ಟೀಚರಾದರೂ ತೆರೆದು ಮಕ್ಕಳಿಗೆ ತೋರಿಸಬೇಕು. ಗೋವೆಯವರ ರೂಢಿಯಂತೆ ನನ್ನನ್ನು ಮಾವಶಿ, ಅಂದ್ರ ಚಿಕ್ಕವ್ವ, ಅಂತ ಕರೆಯೋರು. "ಪುಸ್ತಕದಾಗ ರಾಜಾ ಬಂದ, ರಾಜಾ ಹೋದ ಅಂತ ಐತಿ ರೀ ಮಾವಶಿ. ಮಗು ಕೇಳತೈತಿ, ನನ್ನ ಮನಿ ಮುಂದಿನ ಗ್ವಾಡಿ ಯಾರು ಕಟ್ಟಿದ್ರು? ಟೀಚರ್ ಬಾಯಿ ಮುಚ್ಚಿ ನಿಂದ್ರತಾಳ."

ಅಂಥ ಒಂದು ಗೋಡೆ ಹುಡುಕಿಕೊಂಡೇ ನಮ್ಮ ಸಾಲುಮನಿಗಳ ಚಾಳಕ್ಕೆ ಬಂದರು. ಗುಡ್ಡದ ಮಣ್ಣು ಕುಸಿದು ನಮ್ಮ ಮನಿಗಳ ಮ್ಯಾಲೆ ಬೀಳದಂತೆ ತಡೆದು ನಿಂತ ಕೆಂಪು ಕಲ್ಲಿನ ಗೋಡೆ ಅದು. ಮೊದಲು ಕೇಳಿದ್ದು ಪಕ್ಕದ ಮನಿಯ ಮಾಬೂಬಿಯನ್ನು. ನನ್ನಂತೆ ಅವಳೂ ಗಂಡನನ್ನು ಕಳಕೊಂಡಾಕಿ. ಸೆರಗು ಎಳಕೊಂಡು ನೆಲ ನೋಡಿದಳು. ನಮ್ಮ ಕಾಲದ ಹೆಣ್ಣಮಕ್ಕಳು, ಹಿಂದೂ ಇರಲಿ ಮುಸ್ಲಿಮರಿರಲಿ, ಗಂಡನ ಹೆಸರು ಬಾಯಿಲೆ ಹೇಳುವವರಲ್ಲ. ರೇಷನ್ ಆಫೀಸಿನಾಗೂ ಮಕ್ಕಳ ಕಡೆಯಿಂದ ಹೇಳಿಸುತ್ತಿದ್ದೆವು. ಸರ್‌ಗೆ ಅದು ತಿಳಿಯಲಿಲ್ಲ. ಗೊತ್ತಿಲ್ಲದಾಕಿ ಅಂದುಕೊಂಡು ನನ್ನ ಕಡೆ ತಿರುಗಿದರು.

ಗೋಡೆ ಕಟ್ಟಿದ್ದು ಮಾಬೂಬಿಯ ಗಂಡ ಹುಸೇನಸಾಬ. ನಮ್ಮ ಯಜಮಾನರು ನಾಲ್ಕು ದಿನ ಕಲ್ಲು ಹೊತ್ತಿದ್ದರು, ಅಷ್ಟೇ. ಅವರು ಬಂದರಿನಾಗ ಕಟ್ಟಿದ ಶೆಡ್ಡುಗಳನ್ನು ಎಂದೋ ಕೆಡವಿದ್ದಾರೆ. ಅವರ ಕೈಯ ಕೆಲಸ ಅಂತ ಈ ಊರಾಗ ಒಂದು ಕಲ್ಲೂ ಉಳಿದಿಲ್ಲ. ನನ್ನ ಬಾಯಿ ತಾನೇ ತೆರೆಯಿತು. ಜನ್ಮದಾಗ ಮೊದಲ ಸಲ ಆ ಹೆಸರು ಹೇಳಿದೆ: "ಬಸಪ್ಪ ಕಟ್ಟಿದ್ರು ರೀ." ಸರ್ ಮೊಬೈಲ್ ಮುಂದೆ ಹಿಡಿದಿದ್ದರು.

ಸ್ವಲ್ಪ ದಿನಕ್ಕೆ ಮೊಮ್ಮಗಳು ಸಾವಿತ್ರಿ ಸಾಲಿಯಿಂದ ಓಡಿ ಬಂದಳು. ಟೀಚರ್ ತರಗತಿಯಾಗ ನಕ್ಷೆ ತೋರಿಸಿ ಒಂದು ಜಾಗ ಒತ್ತಿದರಂತೆ; ನನ್ನ ಧ್ವನಿ ಬಂತಂತೆ; ಎಲ್ಲರೂ ಅವಳ ಕಡೆ ತಿರುಗಿ ನೋಡಿದರಂತೆ. ಎರಡನೇ ಇಯತ್ತೆಗೆ ಸಾಲಿ ಬಿಟ್ಟ ನಾನು ಏಳನೇ ಇಯತ್ತೆಯವರಿಗೆ ಪಾಠ ಹೇಳಿದಂಗಾತು. ಎದಿ ತುಂಬಿ ಬಂತು, ಕಾಲು ನೆಲದ ಮ್ಯಾಲೆ ನಿಲ್ಲಲಿಲ್ಲ. ಶೇಂಗಾ ಉಂಡಿ ಕಟ್ಟಿ ಚಾಳಕ್ಕೆಲ್ಲ ಹಂಚಿದೆ. ಮಾಬೂಬಿಯೂ ತಿಂದಳು. "ಧ್ವನಿ ಚಲೋ ಬಂದೈತಿ ಯಕ್ಕಾ" ಅಂದಳು. ಬೈದಿದ್ದರೆ ಹಗುರಾಗುತ್ತಿದ್ದೆ.

ಸರ್ ಮನಿಗೆ ಹೋದೆ. ಆಸ್ಪತ್ರೆಯಿಂದ ಬಂದು ಮಲಗಿದ್ದರು, ಕೈಕಾಲು ಕಡ್ಡಿಯಾಗಿದ್ದವು. ಎಲ್ಲ ಹೇಳಿದೆ, ಗಂಡನ ಹೆಸರು ಹೇಳದ ನಮ್ಮ ರೂಢಿಯನ್ನೂ ಹೇಳಿದೆ. ಸಿಟ್ಟಾಗಲಿಲ್ಲ. "ಇಷ್ಟ ವರ್ಷ ಮಾತಾಡಿದವ್ರದ್ದ ಬರಕೊಂಡೆ ರೀ ಮಾವಶಿ. ಸುಮ್ಮ ಕುಂತವ್ರನ್ನ ಬಿಟ್ಟೆ" ಅಂದರು.

ನನ್ನದನ್ನು ಅಳಿಸಿಬಿಡ್ರಿ ಅಂದೆ. ಒಪ್ಪಲಿಲ್ಲ. "ಅಳಿಸೋದು ಬ್ಯಾಡ. ಅದರ ಕೆಳಗ ಖರೇದ್ದು ಹಾಕೋಣ. ತಪ್ಪು ಹೇಳಿದವ್ರ ಬಂದು ತಿದ್ದಿದ್ರು ಅಂತ ಮಕ್ಕಳಿಗೆ ತಿಳೀಲಿ ರೀ." ಎದ್ದು ಓಡಾಡುವಂತಾದ ಕೂಡಲೇ ಬಂದು, ನಮ್ಮಿಬ್ಬರನ್ನೂ ಗೋಡೆ ಮುಂದೆ ನಿಲ್ಲಿಸಿ ರೆಕಾರ್ಡ್ ಮಾಡುತ್ತೇನೆ ಅಂದರು. ಹೊರಡುವಾಗ, ನಾನು ಒಯ್ದ ಉಂಡಿಯಾಗ ಬೆಲ್ಲ ಹೆಚ್ಚಾಗೈತಿ ಅಂತ ಚಾಷ್ಟಿ ಮಾಡಿದರು.

ಎದ್ದು ಓಡಾಡಲಿಲ್ಲ. ಎಂಟೇ ದಿನದಾಗ ತೀರಿಕೊಂಡರು. ಅವರ ತಮ್ಮನ ಮಗ ಕಂಪ್ಯೂಟರ್ ತೆರೆಯಲು ನೋಡಿದ; ಪಾಸ್‌ವರ್ಡ್ ಸರ್ ಯಾರಿಗೂ ಹೇಳಿರಲಿಲ್ಲ. ನಕ್ಷೆ ಹಂಗೇ ಐತಿ, ಎಲ್ಲರಿಗೂ ಕಾಣತೈತಿ, ತಿದ್ದಲು ಯಾರಿಗೂ ಬರುವುದಿಲ್ಲ. ನನ್ನ ಸುಳ್ಳು ಸಾಲಿಯಿಂದ ಸಾಲಿಗೆ ಹೋಗುತ್ತಲೇ ಇತ್ತು.

ಹೋದ ವಾರ ಪರ್ವರಿ ಕಡೆಯ ಒಬ್ಬ ಟೀಚರ್ ಮಕ್ಕಳನ್ನು ಬಸ್ಸಿನಾಗ ಕರಕೊಂಡು ಬಂದು ಗೋಡೆ ಮುಂದೆ ನಿಲ್ಲಿಸಿದರು. ನಾಯಕ ಸರ್ ಎಲ್ಲಿದ್ದಾರೆ, ಸ್ವಲ್ಪ ಕರೆಯಿರಿ ಅಂತ ಕೇಳಿದರು. ಅವರು ತೀರಿಹೋದ ಸುದ್ದಿ ಸಾವಿತ್ರಿ ಹೇಳಬೇಕಾಯಿತು. ಟೀಚರ್ ಮೊಬೈಲಿನಾಗ ನಕ್ಷೆ ತೆರೆದು ಒತ್ತಿದರು. ನನ್ನ ಧ್ವನಿ ಬಸಪ್ಪ ಅಂತು. ಮಕ್ಕಳು ಬರಕೊಳ್ಳಲು ತಲೆ ಬಗ್ಗಿಸಿದರು.

ಮಾಬೂಬಿಯ ಕೈ ಹಿಡಕೊಂಡು ಮುಂದೆ ಹೋದೆ. ಅದು ನನ್ನ ಧ್ವನಿ, ಹೇಳಿದ್ದು ಸುಳ್ಳು ಅಂದೆ. "ಇದನ್ನ ಕಟ್ಟಿದವರು ಹುಸೇನಸಾಬ. ಇಕಿ ಮನಿಯವರು." ಸಾವಿತ್ರಿ ಅದನ್ನು ಹಿಂದಿಯಾಗ ಹೇಳಿದಳು. ಮಕ್ಕಳು ಯಜಮಾನರ ಹೆಸರಿನ ಮ್ಯಾಲೆ ಗೆರೆ ಎಳೆದರು. ಪೆನ್ನಿನ ಸಪ್ಪಳ ನನಗೆ ಕೇಳಿಸಿತು.

ಒಂದು ಸಣ್ಣ ಹುಡುಗಿ ಬರಕೊಳ್ಳುವುದರಾಗ ಹಿಂದೆ ಉಳಿದಿದ್ದಳು. ಹೆಸರು ಇನ್ನೊಮ್ಮೆ ಹೇಳಿ ಅಂತ ಮಾಬೂಬಿಯನ್ನೇ ಕೇಳಿದಳು. ಮಾಬೂಬಿ ನನ್ನ ಮುಖ ನೋಡಿದಳು.

"ನೀನ ಹೇಳ ಯಕ್ಕಾ," ಅಂದಳು. "ಸಾವಕಾಶ ಹೇಳ."