ಜಾಳಿಗೆಯ ಆಚೆ ಬದಿ

ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಏರಿಸುವುದಿಲ್ಲ. ಊರೂರಿಗೆ ಟ್ರ್ಯಾಕ್ಟರ್ ಬಂದರೂ ಆ ದಿನದ ಬಿಡುವು ಹಾಗೇ ಉಳಿದಿದೆ. ಅದಕ್ಕೇ ತಿಕೋಟಾದಲ್ಲಿ ನಾನು ಕಲಿಸುವ ದೊಡ್ಡವರ ಶಾಲೆ ನಡೆಯುವುದು ಸೋಮವಾರ ಮಧ್ಯಾಹ್ನ. ಅರ್ಧಕ್ಕೇ ಓದು ಬಿಟ್ಟ ಹೆಂಗಸರು ಬರುತ್ತಾರೆ. ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ನಮ್ಮ ಮನೆಯಿಂದ ನಾನು ಬಸ್ಸು ಹಿಡಿದು ಹೋಗುತ್ತೇನೆ.

ಹೋದ ವರ್ಷ ವಿಜಯಪುರದ ಸಭೆಯೊಂದರಲ್ಲಿ ನಮ್ಮ ಮೇಲಿನವರು ಕೇಳಿದರು: "ಇವರನ್ನ ಕೆಲಸಕ್ಕ ತಯಾರ ಮಾಡ್ತೀರೋ ಕಾಲೇಜಿಗೋ? ಎರಡರಾಗ ಒಂದು ಹೇಳ್ರಿ." ನನ್ನ ತಲೆ ಬಿಸಿ ಆಗಲು ಇಷ್ಟು ಸಾಕು. "ಕಾಲೇಜಿಗೆ!" ಅಂದುಬಿಟ್ಟೆ. ಹುಟ್ಟಿದಾಗಿನಿಂದ ದುಡಿದು ಸಾಯುತ್ತಿರುವವರಿಗೆ ಕೆಲಸ ಕಲಿಸಲು ನಾನ್ಯಾರು?

ಆದರೆ ನನ್ನ ತರಗತಿಯಲ್ಲೇ ಆ ಎರಡೂ ಪಕ್ಷ ಒಂದೇ ಚಾಪೆಯ ಮೇಲೆ ಕೂತಿದ್ದವು. ಬಿಜ್ಜರಗಿ ಎಂಬ ಹಳ್ಳಿಯಿಂದ ಬರುವವಳಿಗೆ ಹತ್ತನೆಯ ತರಗತಿ ಮುಗಿಸಿ ಬಬಲೇಶ್ವರದ ಕಾಲೇಜಿಗೆ ಹೋಗುವ ಹುಚ್ಚು. ಕಲಿತು ಏನು ಮಾಡುತ್ತೀ ಎಂದು ಕೇಳಿದರೆ, "ಮೊದಲ ಒಳಗ ಹೋಗಿ ಕುಂಡರ್ತೇನ್ರಿ, ಆಮ್ಯಾಲೆ ನೋಡೂಣು" ಎನ್ನುತ್ತಿದ್ದಳು. ಅವಳ ಗೆಳತಿ ಘೋಣಸಗಿಯವಳಿಗೆ ಕಂಪ್ಯೂಟರಿನ ತೂಕದ ಯಂತ್ರ ನಡೆಸುವಷ್ಟು ಬಂದರೆ ಮುಗಿಯಿತು. ಒಣದ್ರಾಕ್ಷಿ ತುಂಬಿಡುವ ಕೋಲ್ಡ್ ಸ್ಟೋರೇಜಿನಲ್ಲಿ ನೆರಳಿನ ಕೆಲಸ ಸಿಗುತ್ತದೆ ಎಂಬ ಆಸೆ. "ಕಾಲೇಜಂತ ಕಾಲೇಜ! ಮೊಮ್ಮಕ್ಕಳನ್ನ ಆಡಿಸೂ ಹೊತ್ತಿನ್ಯಾಗ!" ಎಂದು ಗೆಳತಿಯನ್ನು ಚುಡಾಯಿಸುತ್ತಿದ್ದಳು.

ಇಬ್ಬರೂ ಒಂದೇ ಶೆಡ್ಡಿನಲ್ಲಿ ಜೋಡಿ. ದ್ರಾಕ್ಷಿಯನ್ನು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯಂಥ ಜಾಳಿಗೆಯ ಮೇಲೆ ಹರವಿ ಒಣಗಿಸುತ್ತಾರೆ. ಜಾಳಿಗೆ ಅಗಲ. ಈಚೆಗೊಬ್ಬಳು, ಆಚೆಗೊಬ್ಬಳು ನಿಂತರೇ ಕೈ ನಡುವಿನವರೆಗೆ ಮುಟ್ಟುತ್ತದೆ. ಒಬ್ಬಳು ತಪ್ಪಿಸಿದರೆ ಇನ್ನೊಬ್ಬಳನ್ನೂ ಮನೆಗೆ ಕಳಿಸುತ್ತಾರೆ. ಸುಗ್ಗಿಯ ನಡುವೆ ಹಾಗೆ ಜೋಡಿ ಮುರಿದರೆ ಆ ಜಾಗಕ್ಕೆ ಬೇರೆ ಜೋಡಿ ಬಂದು ನಿಲ್ಲುತ್ತದೆ, ಆ ವರ್ಷದ ಕೆಲಸ ಹೋದಂತೆಯೇ.

ಬಿಜ್ಜರಗಿಯವಳಿಗೆ ಗಣಿತವೊಂದು ಉಳಿದಿತ್ತು. ಪರೀಕ್ಷೆ ಸರಿಯಾಗಿ ಸುಗ್ಗಿಯಲ್ಲೇ ಬಂತು. ಅವಳು ಬರೆಯುವುದೇ ಇಲ್ಲ ಎಂದು ಕೂತಳು. ನಾನು ಜೋಡಿಯವಳ ಕಡೆ ತಿರುಗಿ, "ಒಂದ ದಿನ ಮನ್ಯಾಗ ಕುಂತ್ರ ನಿನ್ನ ಗಂಟೇನು ಹೊಕ್ಕೈತಿ?" ಎಂದು ಹರಿಹಾಯ್ದೆ.

"ನೀವು ರಜಾ ಹಾಕಿದ್ರೂ ನಿಮ್ಮ ಖುರ್ಚಿ ಅಲ್ಲೇ ಇರ್ತದ್ರಿ, ಅಕ್ಕೋರ," ಎಂದಳು ಘೋಣಸಗಿಯವಳು, ದನಿ ಏರಿಸದೆ. "ನಮ್ಮ ಜಾಗಾ ಇರೂದಿಲ್ರಿ."

"ಹಂಗಾದ್ರ ಆಕಿ ಜಾಗಾಕ್ಕ ನಾನೇ ಬಂದು ನಿಂದರ್ತೇನಿ, ತಗೋ!"

ಸಿಟ್ಟಿನ ಬಾಯಿ ಆಡಿದ ಮಾತು. ಅವಳು ಅದನ್ನು ಹಾಗೆ ಬಿಡಲಿಲ್ಲ. "ಮುಂಜಾನಿ ಲಗೂನ ಬರ್ರಿ. ಹಳೇ ಸೀರಿ ಉಟಗೊಂಡು ಬರ್ರಿ," ಎಂದಳು.

ಅಯ್ಯ ಶಿವನೇ, ಆ ದಿನ! ಮೊದಲ ಕ್ರೇಟಿಗೇ ಕೈಯೆಲ್ಲ ಅಂಟಂಟು, ಎಣ್ಣೆಯ ವಾಸನೆಗೆ ತಲೆ ಸುತ್ತು. ಜಾಳಿಗೆಯ ಆಚೆಯಿಂದ ನನ್ನ ವಿದ್ಯಾರ್ಥಿನಿಯ ದನಿ: "ದಪ್ಪ ಆತ್ರಿ, ತೆಳ್ಳಗ ಹರವ್ರಿ! ಕರ್ರಗಾದ್ರ ಮಾಲಕ ನನಗ ಬೈತಾನ." ತರಗತಿಯಲ್ಲಿ ನಾನು ಅವಳಿಗೆ ಬೈದಿದ್ದೆಲ್ಲ ಬಡ್ಡಿ ಸಮೇತ ಬಂತು. ಮಧ್ಯಾಹ್ನ ರೊಟ್ಟಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿ ಕೈಗೆ ಕೊಟ್ಟಳು. ಹಸಿದಿದ್ದೆ, ಎರಡನೆಯದನ್ನೂ ಕೇಳಿ ತಿಂದೆ.

ಊಟದ ಮೇಲೆ ಅವಳ ಬೈಗುಳ ನಿಂತುಹೋಯಿತು. "ಈಗ ಬರ್ಯಾಕತ್ತಿರಬೇಕಲ್ರಿ?" ಎಂದಳು. ಸ್ವಲ್ಪ ಹೊತ್ತಿಗೆ, "ಮುಗಿದಿರಬೇಕಲ್ರಿ?" ಎಂದಳು. ಪಾಸಾಗಲಿ ಎಂದು ಅವಳಿಗೆ ಆಸೆ ಇದೆ ಎಂದುಕೊಂಡು ನಾನು ಖುಷಿಪಟ್ಟೆ. "ಪಾಸಾಗ್ತಾಳ ಬಿಡು, ಜೂನಿನ್ಯಾಗ ಕಾಲೇಜ ಸೇರ್ತಾಳ," ಎಂದೆ. ಅವಳು ದ್ರಾಕ್ಷಿಯ ಮೇಲಿನಿಂದ ಕೈ ತೆಗೆದು ನಿಂತುಬಿಟ್ಟಳು.

"ಆಕಿ ಹೋದ್ರ ನಾ ಯಾರ ಜೋಡಿ ನಿಂದರ್ಲ್ರಿ?"

ಇಷ್ಟು ದಿನ ಅವಳು ಕಾಲೇಜನ್ನು ಹಳಿದದ್ದು ಯಾಕೆಂದು ಆಗ ನನಗೆ ತಿಳಿಯಿತು. ತಲೆ ತಗ್ಗಿಸಿ ಮುಂದಿನ ಕ್ರೇಟು ಸುರುವಿದೆ.

ಹೊತ್ತು ಇಳಿಯುವ ಮುಂದೆ ಬಿಜ್ಜರಗಿಯವಳು ಬಸ್ಸಿಳಿದು ಸೀದಾ ಶೆಡ್ಡಿಗೇ ಬಂದಳು. ಪರೀಕ್ಷೆಗೆಂದು ಉಟ್ಟ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸಿ, "ಸರೀರಿ ಅಕ್ಕೋರ" ಎಂದು ನನ್ನ ಜಾಗದಲ್ಲಿ ನಿಂತಳು. "ಹೆಂಗಾತ್ಬೇ?" ಎಂದು ಜೋಡಿಯವಳು ಕೇಳಿದಳು. "ಬರ್ದೇನಿ, ತಪ್ಪಿಲ್ಲದಂಗ ಬರ್ದೇನಿ." ಇಬ್ಬರ ಕೈ ಜಾಳಿಗೆಯ ನಡುವೆ ಬಂದು ಕೂಡುವುದನ್ನು ನೋಡುತ್ತ ನಾನು ನಲ್ಲಿಯ ಹತ್ತಿರ ಕೈ ತೊಳೆದುಕೊಳ್ಳುತ್ತಿದ್ದೆ. ಅಂಟು ಬಿಡುತ್ತಿರಲಿಲ್ಲ.

ಘೋಣಸಗಿಯವಳು ಕೆಲಸ ಬಿಡದೆಯೇ ಅಲ್ಲಿಂದ ಕೂಗಿದಳು.

"ಅಕ್ಕೋರ, ಕಾಲೇಜಿನ್ಯಾಗ ಒಂದು ಬೆಂಚಿಗೆ ಎಷ್ಟ ಮಂದಿ ಕುಂಡರ್ತಾರ್ರಿ?"

"ಇಬ್ಬರು," ಎಂದೆ.

"ಹಂಗಾದ್ರ ಈ ವರ್ಷ ನನ್ನ ಹೆಸರೂ ಹತ್ತನೇತ್ತಿಗೆ ಹಚ್ಚಿಬಿಡ್ರಿ. ಮುಂದಿನ ಸುಗ್ಗ್ಯಾಗ ನನ್ನ ಜೋಡಿ ಯಾರರ ಇರ್ಲಿ, ನನ್ನ ಪರೀಕ್ಷಾದ ದಿನ ಆಕಿ ಕಾಲೇಜ ಬಿಟ್ಟು ಬಂದು ನನ್ನ ಜಾಗಾಕ್ಕ ನಿಂದರ್ತಾಳ. ನೀವು ಮಾತ್ರ ಬರಬ್ಯಾಡ್ರಿ."